ರಾಸ್ಪ್‌ಬೆರಿ ಪೈ 4ರಲ್ಲಿ ಕಂಪೈಲ್ ಬೇಗ ಆಗಲು ಯಾವ ಫೈಲ್ ಸಿಸ್ಟಂ? ಇಎಕ್ಸ್‌ಟಿ4 ಬಿಟ್ಟು ಎಫ್2ಎಫ್ಎಸ್‌ಗೆ ಹೋಗಲಾ?

ಪೈ_ಪಂಚಾಯ್ತಿ
ಎಲ್ಲರಿಗೂ ನಮಸ್ಕಾರ. 4 ಜಿಬಿ ರ್ಯಾಮ್ ಇರುವ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟುಕೊಂಡು ಒದ್ದಾಡುತ್ತಿದ್ದೇನೆ. 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್, ಅದರ ಮೇಲೆ ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇಎಕ್ಸ್‌ಟಿ4. ಒಂದು ಸೆನ್ಸರ್‌ಗೆ ಡ್ರೈವರ್ ಬರೆಯುತ್ತಿದ್ದೇನೆ. ಹಾಗಾಗಿ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಪೈ ಮೇಲೇ ಕಂಪೈಲ್ ಮಾಡುತ್ತೇನೆ, ಅಂದರೆ ಸೋರ್ಸ್ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಬದಲಿಸುತ್ತೇನೆ. ‘ಮೇಕ್ -ಜೆ4’ (ನಾಲ್ಕು ಕೆಲಸ ಒಟ್ಟಿಗೆ ಮಾಡು ಅನ್ನೋ ಕಮಾಂಡ್) ಕೊಟ್ಟು, ಊಟ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದರೂ ಇನ್ನೂ ನೆಟ್‌ವರ್ಕ್ ಡ್ರೈವರ್‌ಗಳ ಹತ್ತಿರವೇ ಇರುತ್ತೆ.

ಎಫ್2ಎಫ್ಎಸ್ ಫ್ಲ್ಯಾಶ್‌ಗೆ ಅಂತಲೇ ಮಾಡಿದ್ದು ಅಂತ ಓದಿದೆ. ಇನ್ನೊಬ್ಬ ಸ್ನೇಹಿತ ಬಿಟಿಆರ್‌ಎಫ್ಎಸ್ ಹಾಕಿ ಕಂಪ್ರೆಶನ್ ಆನ್ ಮಾಡು ಅಂತಾನೆ. ಕಾರ್ಡ್ ಅಳಿಸೋ ಮುಂಚೆ ಇಲ್ಲಿ ಕೇಳೋಣ ಅಂತ ಬಂದೆ.

ಲ್ಯಾಪ್‌ಟಾಪ್‌ನಲ್ಲಿ ಕ್ರಾಸ್ ಕಂಪೈಲ್ ಮಾಡಿ (ಅಲ್ಲಿ ಕಟ್ಟಿ ಪೈಗೆ ತನ್ನಿ) ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಇರೋದು ಆಫೀಸಿನ ಲ್ಯಾಪ್‌ಟಾಪ್. ಅದರಲ್ಲಿ ಏನೂ ಹಾಕಲು ಬಿಡಲ್ಲ.

ಮಂಡ್ಯ_ಮೇಕ್
ಕ್ರಾಸ್ ಕಂಪೈಲ್ ಮಾಡಿ.

(ಬೈಕೋಬೇಡಿ, ಹೇಳದೇ ಇರಲು ಆಗಲಿಲ್ಲ.)

ಫ್ಲ್ಯಾಶ್_ಭಕ್ತ
ಕಣ್ಣು ಮುಚ್ಚಿಕೊಂಡು ಎಫ್2ಎಫ್ಎಸ್ ಹಾಕಿ ಸರ್. ಸ್ಯಾಮ್‌ಸಂಗ್‌ನವರು ಬರೆದದ್ದು. 2013ರಲ್ಲಿ 3.8 ಕರ್ನಲ್ ಜೊತೆಗೇ ಬಂತು, ಹೊಸದೇನಲ್ಲ.

ಯಾಕೆ ಅಂತ ಹೇಳ್ತೀನಿ. ಎಸ್‌ಡಿ ಕಾರ್ಡ್ ಒಳಗೆ ಒಂದು ಸಣ್ಣ ಕಂಟ್ರೋಲರ್ ಕೂತಿರುತ್ತೆ. ಫ್ಲ್ಯಾಶ್‌ನಲ್ಲಿ ಬರೆದದ್ದರ ಮೇಲೇ ಮತ್ತೆ ಬರೆಯಲು ಆಗಲ್ಲ. ಮೊದಲು ಅಳಿಸಬೇಕು, ಅಳಿಸೋದು ದೊಡ್ಡ ದೊಡ್ಡ ಬ್ಲಾಕ್ ಲೆಕ್ಕದಲ್ಲಿ. ನೀವು ಅಲ್ಲೊಂದು ಇಲ್ಲೊಂದು 4 ಕೆಬಿ ತುಂಡು ಬರೆಯುತ್ತಾ ಹೋದರೆ ಆ ಬಡಪಾಯಿ ಕಂಟ್ರೋಲರ್ ಹಳೆಯದನ್ನು ಎತ್ತಿಡೋದು, ಹೊಸ ಜಾಗಕ್ಕೆ ಸಾಗಿಸೋದು ಇದರಲ್ಲೇ ಸುಸ್ತು. ಎಫ್2ಎಫ್ಎಸ್ ಈ ಚದುರಿದ ಬರಹವನ್ನೆಲ್ಲ ಒಟ್ಟು ಮಾಡಿ 2 ಎಂಬಿ ಸೆಗ್ಮೆಂಟ್‌ಗಳಲ್ಲಿ ಸಾಲಾಗಿ ಬರೆಯುತ್ತೆ. ಪದೇ ಪದೇ ಬದಲಾಗುವ ಡೇಟಾ ಬೇರೆ ಸಾಲು, ಅಪರೂಪಕ್ಕೆ ಬದಲಾಗುವುದು ಬೇರೆ ಸಾಲು.

ನನ್ನ ಪೈ ಮೇಲೆ ಕರ್ನಲ್ ಸೋರ್ಸ್‌ನ ಟಾರ್ (ಒಂದೇ ಗಂಟು ಕಟ್ಟಿದ ಫೈಲ್‌ಗಳು) ಬಿಚ್ಚುವಾಗ ವ್ಯತ್ಯಾಸ ಕಣ್ಣಿಗೇ ಕಾಣಿಸಿತು. ಅಳಿಸುವಾಗಲೂ ಅಷ್ಟೇ.

ಹಳೇ_ಕರ್ನಲ್
ಟಾರ್ ಬಿಚ್ಚೋದು ಬೇರೆ, ಕಂಪೈಲ್ ಮಾಡೋದು ಬೇರೆ. ಪೈ_ಪಂಚಾಯ್ತಿ ಅವರೇ, ಫಾರ್ಮ್ಯಾಟ್‌ಗೆ ಕೈ ಹಾಕೋ ಮುಂಚೆ ಒಂದು ಕೆಲಸ ಮಾಡಿ. ‘ಟೈಮ್ ಮೇಕ್ -ಜೆ4’ ಅಂತ ಓಡಿಸಿ, ಕೊನೆಯಲ್ಲಿ ಬರುವ ಮೂರು ಸಾಲು ಇಲ್ಲಿ ಹಾಕಿ. ಅದಿಲ್ಲದೆ ಮಾತಾಡಿದರೆ ಜ್ವರ ನೋಡದೇ ಮಾತ್ರೆ ಕೊಟ್ಟ ಹಾಗೆ.

ಪೈ_ಪಂಚಾಯ್ತಿ
ರಾತ್ರಿ ಓಡಿಸಿದೆ. ಇಲ್ಲಿದೆ:

ರಿಯಲ್ 131 ನಿಮಿಷ
ಯೂಸರ್ 462 ನಿಮಿಷ
ಸಿಸ್ 41 ನಿಮಿಷ

ಸೆಕೆಂಡ್ ಬಿಟ್ಟಿದ್ದೇನೆ. ರಿಯಲ್‌ಗಿಂತ ಯೂಸರ್ ಜಾಸ್ತಿ ಯಾಕೆ ಅಂತ ಮೊದಲು ತಲೆ ಕೆರೆದುಕೊಂಡೆ. ಆಮೇಲೆ ನಾಲ್ಕು ಕೋರ್ ಅಂತ ಹೊಳೆಯಿತು.

ಹಳೇ_ಕರ್ನಲ್
ಸರಿಯಾಗಿ ಹೊಳೆದಿದೆ. ಈಗ ಲೆಕ್ಕ ನೋಡಿ. ಯೂಸರ್ (ಪ್ರೋಗ್ರಾಂಗಳು ದುಡಿದದ್ದು), ಸಿಸ್ (ಅವಕ್ಕಾಗಿ ಕರ್ನಲ್ ದುಡಿದದ್ದು) ಎರಡೂ ಸೇರಿ 503 ನಿಮಿಷ. ಇದು ನಾಲ್ಕೂ ಕೋರ್ ಸೇರಿ ದುಡಿದ ಹೊತ್ತು. ಗೋಡೆ ಗಡಿಯಾರದಲ್ಲಿ 131, ನಾಲ್ಕು ಕೋರ್‌ಗೆ 524. ಅಂದರೆ ಕೋರ್‌ಗಳು ಕೈಕಟ್ಟಿ ಕೂತಿದ್ದು ಒಟ್ಟು 21 ನಿಮಿಷ. ತಲೆಗೆ ಐದು ನಿಮಿಷ ಚಿಲ್ಲರೆ. ನಾಳೆ ದೇವರೇ ಬಂದು ಸೊನ್ನೆ ಸೆಕೆಂಡಿನಲ್ಲಿ ಓದಿ ಬರೆಯುವ ಕಾರ್ಡ್ ಕೊಟ್ಟರೂ ನಿಮ್ಮ 131 ನಿಮಿಷ ಸುಮಾರು 126 ಆಗುತ್ತೆ, ಅಷ್ಟೇ.

ಯಾಕೆ ಹೀಗೆ? ಒಂದು ಸಿ ಫೈಲ್‌ಗೆ ಕಂಪೈಲರ್ ಆದ ಜಿಸಿಸಿ ನೂರಾರು ಹೆಡರ್ (ಹಲವು ಫೈಲ್‌ಗಳಿಗೆ ಬೇಕಾದ ಸಾಮಾನ್ಯ ಫೈಲ್) ತೆರೆಯುತ್ತೆ. ಅದನ್ನು ನೋಡಿದರೆ ಕಾರ್ಡ್ ಕೆಲಸವೇ ಜಾಸ್ತಿ ಅನ್ನಿಸೋದು ಸಹಜ. ಆದರೆ ಮುಂದಿನ ಫೈಲಿಗೂ ಅವೇ ಹೆಡರ್ ಬೇಕು, ಅದರ ಮುಂದಿನದಕ್ಕೂ ಅವೇ. ಒಗ್ಗರಣೆ ಹಾಕುವಾಗಲೆಲ್ಲ ಸಾಸಿವೆ ಡಬ್ಬಿಯನ್ನು ಅಟ್ಟದಿಂದ ಇಳಿಸ್ತೀವಾ? ಒಂದು ಸಲ ಇಳಿಸಿದ್ದು ಒಲೆ ಪಕ್ಕದಲ್ಲೇ ಇರುತ್ತೆ. ಲಿನಕ್ಸ್‌ನಲ್ಲಿ ಆ ಒಲೆ ಪಕ್ಕದ ಜಾಗಕ್ಕೆ ಪೇಜ್ ಕ್ಯಾಶ್ ಅಂತ ಹೆಸರು. ಖಾಲಿ ಇರುವ ರ್ಯಾಮ್ ಎಲ್ಲ ಅದಕ್ಕೇ ಹೋಗುತ್ತೆ. ನಿಮ್ಮ 4 ಜಿಬಿಯಲ್ಲಿ ಹೆಡರ್‌ಗಳು ಮೊದಲ ಕೆಲವು ನಿಮಿಷದಲ್ಲೇ ಅಲ್ಲಿ ಬಂದು ಕೂತಿರುತ್ತವೆ.

ಬರೆಯುವುದೂ ಹಾಗೇ. ಆಬ್ಜೆಕ್ಟ್ ಫೈಲ್‌ಗಳು (ಕಂಪೈಲ್ ಆಗಿ ಬಂದ ತುಂಡುಗಳು) ಮೊದಲು ರ್ಯಾಮ್‌ಗೆ ಬೀಳುತ್ತವೆ. ಸಾಮಾನ್ಯವಾಗಿ 30 ಸೆಕೆಂಡ್ ಹಳೆಯದಾದ ಮೇಲೆ ಕರ್ನಲ್ ಅವನ್ನು ಹಿಂದಿನಿಂದ ಕಾರ್ಡ್‌ಗೆ ಇಳಿಸುತ್ತೆ. ಜಿಸಿಸಿ ಅದಕ್ಕಾಗಿ ಕಾಯ್ತಾ ಕೂರಲ್ಲ, ‘ಎಫ್‌ಸಿಂಕ್’ (ಈಗಲೇ ಕಾರ್ಡ್‌ಗೆ ಬರೆ ಅನ್ನೋ ಅಪ್ಪಣೆ) ಕರೆಯಲ್ಲ. ಪ್ಯಾಕೇಜ್ ಹಾಕುವಾಗ ಎಸ್‌ಡಿ ಕಾರ್ಡ್ ಅಷ್ಟೊಂದು ಎಳೆದಾಡುತ್ತಲ್ಲ, ಅದು ಡಿಪಿಕೆಜಿ ಪದೇ ಪದೇ ‘ಎಫ್‌ಸಿಂಕ್’ ಮಾಡೋದ್ರಿಂದ. ಅಲ್ಲಿ ಫೈಲ್ ಸಿಸ್ಟಂ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಕಂಪೈಲ್‌ನಲ್ಲಿ ಕಾಣಲ್ಲ.

ಫ್ಲ್ಯಾಶ್_ಭಕ್ತ
ಒಂದು ನಿಮಿಷ. ಸಿಸ್‌ನಲ್ಲಿ ಇರುವ 41 ನಿಮಿಷದಲ್ಲಿ ಫೈಲ್ ಸಿಸ್ಟಂ ಕೋಡ್ ಓಡಿದ್ದೂ ಸೇರಿದೆ ಅಲ್ವಾ? ಅದನ್ನ ನೀವು ಜಾಣತನದಿಂದ ದುಡಿಮೆ ಲೆಕ್ಕಕ್ಕೆ ಹಾಕಿಬಿಟ್ರಿ.

ಹಳೇ_ಕರ್ನಲ್
ಒಳ್ಳೆ ಪ್ರಶ್ನೆ, ಒಪ್ಪಿದೆ. ಸೇರಿದೆ. ಆದರೆ ಅದರ ಜೊತೆ ಇನ್ನೇನೇನು ಸೇರಿದೆ ಅಂತಲೂ ನೋಡಿ. ಕರ್ನಲ್ ಬಿಲ್ಡ್ ಅಂದರೆ ಸಾವಿರಾರು ಸಲ ಶೆಲ್, ಜಿಸಿಸಿ, ಅಸೆಂಬ್ಲರ್ ಹುಟ್ಟಿ ಸಾಯೋದು. ಪ್ರತಿ ಹುಟ್ಟಿಗೂ ಮೆಮೊರಿ ಹಂಚಬೇಕು, ಸತ್ತಾಗ ವಾಪಸ್ ತಗೋಬೇಕು. ಸಿಸ್‌ನ ಹೆಚ್ಚಿನ ಪಾಲು ಅದಕ್ಕೇ ಹೋಗುತ್ತೆ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ‘ಓ=’ ಕೊಟ್ಟು ಔಟ್‌ಪುಟ್ ಫೋಲ್ಡರ್ ಅನ್ನು ಟೆಂಪ್‌ಎಫ್ಎಸ್ ಮೇಲೆ ಇಡಿ. ಅದು ಪೂರ್ತಿ ರ್ಯಾಮ್. ಕಾರ್ಡ್ ಮೇಲಿನ ಯಾವ ಫೈಲ್ ಸಿಸ್ಟಂ ಕೂಡ ಅದನ್ನು ಮೀರಿಸಲ್ಲ. ಇಡೀ ಕರ್ನಲ್ ಬೇಡ. ಟೆಂಪ್‌ಎಫ್ಎಸ್ ಸಾಮಾನ್ಯವಾಗಿ ಅರ್ಧ ರ್ಯಾಮ್‌ಗೆ ನಿಲ್ಲುತ್ತೆ, ತುಂಬಿಹೋದೀತು. ಡ್ರೈವರ್‌ಗಳ ಒಂದು ಫೋಲ್ಡರ್ ಸಾಕು.

ಕಡಲ_ಕರೆಂಟ್
ಮಾರಾಯ್ರೇ, ಎಲ್ಲರೂ ಕಾರ್ಡ್ ಹಿಡ್ಕೊಂಡು ಕೂತಿದ್ದೀರಿ. ಪೈ 4ಕ್ಕೆ 131 ನಿಮಿಷ ನನಗೆ ಜಾಸ್ತಿಯೇ ಕಾಣ್ತದೆ. ‘ವಿಸಿಜೆನ್‌ಕಮಾಂಡ್ ಗೆಟ್_ಥ್ರಾಟಲ್ಡ್’ ಓಡಿಸಿ ನೋಡಿ. ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಇಲ್ಲಿ ಹೇಳಿ. 80 ಡಿಗ್ರಿ ಮುಟ್ಟಿದರೆ ಆ ಚಿಪ್ ತಾನೇ ವೇಗ ಇಳಿಸ್ತದೆ. ಫ್ಯಾನ್ ಉಂಟಾ?

ಪೈ_ಪಂಚಾಯ್ತಿ
ಫ್ಯಾನ್ ಇಲ್ಲ. ಹೀಟ್‌ಸಿಂಕ್ ಇದೆ. ಬಂದದ್ದು: 0ಎಕ್ಸ್50000.

ಕಡಲ_ಕರೆಂಟ್
ಹಾಗಾದ್ರೆ ಇದು ಬಿಸಿಗಿಂತ ಮೊದಲು ಕರೆಂಟಿನ ಕತೆ. ಆ 5 ಅಂದ್ರೆ ಎರಡು ಬಿಟ್ ಒಟ್ಟಿಗೆ: ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕಡಿಮೆ ಬಿದ್ದಿದೆ, ಅದರಿಂದ ವೇಗವೂ ಇಳಿದಿದೆ. ಯಾವ ಚಾರ್ಜರ್?

ಪೈ_ಪಂಚಾಯ್ತಿ
ಹಳೇ ಮೊಬೈಲ್ ಚಾರ್ಜರ್. 😔 ಜೊತೆಗೆ ಯಾವುದೋ ಹೆಡ್‌ಫೋನ್ ಡಬ್ಬಿಯಲ್ಲಿ ಬಂದ ತೆಳ್ಳಗಿನ ಕೇಬಲ್.

ಕಡಲ_ಕರೆಂಟ್
ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ನಾಲ್ಕೂ ಕೋರ್ ಒಟ್ಟಿಗೆ ದುಡಿಯುವಾಗಲೇ ಈ ತೆಳ್ಳಗಿನ ಕೇಬಲ್ ಕೈ ಕೊಡೋದು. ಕಾರ್ಡ್ ಫಾರ್ಮ್ಯಾಟ್ ಮಾಡುವ ಮೊದಲು ಅದನ್ನ ಬಿಸಾಡಿ. ಒಂದು 5 ವೋಲ್ಟ್ ಫ್ಯಾನ್ ಕೂಡ ಹಾಕಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗ್ತದೆ.

ಅರ್ಧ_ಜಿಬಿ
ನಡುವೆ ಬಾಯಿ ಹಾಕ್ತಿದ್ದೀನಿ. ನನ್ನದು ಪೈ ಝೀರೋ 2 ಡಬ್ಲ್ಯೂ, 512 ಎಂಬಿ. ಹಳೇ_ಕರ್ನಲ್ ಸರ್ ಹೇಳಿದ ಲೆಕ್ಕ ನನ್ನಲ್ಲಿ ಹೊಂದುತ್ತಿಲ್ಲ. ಸಿ++ ಪ್ರಾಜೆಕ್ಟ್, ‘-ಜೆ4’. ಯೂಸರ್ ಮತ್ತು ಸಿಸ್ ಕೂಡಿಸಿದರೂ ರಿಯಲ್‌ನ ಒಂದೂವರೆ ಪಟ್ಟು ಕೂಡ ಇಲ್ಲ. ‘ವಿಎಂಸ್ಟ್ಯಾಟ್ 1’ ಓಡಿಸಿದರೆ ‘ಡಬ್ಲ್ಯೂಎ’ (ಕಾರ್ಡ್‌ಗಾಗಿ ಕಾಯುವ ಶೇಕಡಾ ಪಾಲು) ಕಾಲಂನಲ್ಲಿ 60, 70 ಬರ್ತಿದೆ. ನನಗಾದರೂ ಎಫ್2ಎಫ್ಎಸ್ ಬೇಕು ತಾನೇ?

ಹಳೇ_ಕರ್ನಲ್
ಅದೇ ವಿಎಂಸ್ಟ್ಯಾಟ್‌ನಲ್ಲಿ ‘ಎಸ್‌ಐ’, ‘ಎಸ್‌ಒ’ ಅಂತ ಎರಡು ಕಾಲಂ ಇವೆ. ಅಲ್ಲಿ ಏನು ಬರ್ತಿದೆ?

ಅರ್ಧ_ಜಿಬಿ
ಎರಡೂ ಸಾವಿರಗಳಲ್ಲಿ ಕುಣಿಯುತ್ತಿವೆ.

ಹಳೇ_ಕರ್ನಲ್
ಅದು ಸ್ವಾಪ್. ನಿಮ್ಮ ಬೋರ್ಡ್ ಫೈಲ್ ಓದಲು ಕಾಯುತ್ತಿಲ್ಲ. ರ್ಯಾಮ್ ಸಾಲದೆ ಜಿಸಿಸಿಯನ್ನೇ ತುಂಡು ತುಂಡಾಗಿ ಕಾರ್ಡ್‌ಗೆ ಎಸೆದು ವಾಪಸ್ ತರುತ್ತಿದೆ. ಸಿ++ ಟೆಂಪ್ಲೇಟ್ ಜಾಸ್ತಿ ಇದ್ದರೆ ಒಂದೊಂದು ಕಂಪೈಲರ್ ಪ್ರಾಸೆಸ್ಸೇ ನೂರಾರು ಎಂಬಿ ನುಂಗುತ್ತೆ. 512ರಲ್ಲಿ ನಾಲ್ಕು ಓಡಿಸಿದರೆ ಪೇಜ್ ಕ್ಯಾಶ್‌ಗೆ ಜಾಗ ಎಲ್ಲಿ ಉಳಿಯಿತು? ಸಾಸಿವೆ ಡಬ್ಬಿ ಮತ್ತೆ ಅಟ್ಟಕ್ಕೆ.

‘-ಜೆ2’ ಮಾಡಿ. ಅದೂ ಹೆಚ್ಚಾದರೆ ‘-ಜೆ1’. ಕಡಿಮೆ ಕೆಲಸಗಾರರಿಂದ ಬೇಗ ಮುಗಿಯೋದು ವಿಚಿತ್ರ ಅನ್ನಿಸಬಹುದು, ಮಾಡಿ ನೋಡಿ. ಕಾರ್ಡ್ ಮೇಲಿನ ಸ್ವಾಪ್ ಫೈಲ್ ತೆಗೆದು ಝಡ್‌ರ್ಯಾಮ್ ಹಾಕಿ. ಅದು ರ್ಯಾಮ್‌ನಲ್ಲೇ ಒತ್ತಿ ಮಡಚಿ ಇಡುತ್ತೆ. ‘-ಜಿ’ ಬೇಡದಿದ್ದರೆ ತೆಗೆಯಿರಿ. ಡೀಬಗ್ ಮಾಹಿತಿ ಸೇರಿದರೆ ಆಬ್ಜೆಕ್ಟ್ ಫೈಲ್ ಊದುತ್ತೆ, ಲಿಂಕ್ ಮಾಡುವಾಗ ಉಸಿರು ಕಟ್ಟುತ್ತೆ. ಮತ್ತೆ ಈ 512 ಎಂಬಿ ಬೋರ್ಡ್ ಮೇಲೆ ಟೆಂಪ್‌ಎಫ್ಎಸ್‌ನಲ್ಲಿ ಬಿಲ್ಡ್ ಮಾಡಲು ಹೋಗಬೇಡಿ, ಇರುವ ರ್ಯಾಮ್ ಕೂಡ ಹೋಗುತ್ತೆ.

ಹುಬ್ಬಳ್ಳಿ_ಹೆಡರ್
ಬಿಟಿಆರ್‌ಎಫ್ಎಸ್ ಬಗ್ಗೆ ಯಾರೂ ಮಾತಾಡಲಿಲ್ಲ ನೋಡ್ರಿ. ನಾನು ಒಂದು ವರ್ಷ ಇಟ್ಟುಕೊಂಡಿದ್ದೆ. ಸ್ನ್ಯಾಪ್‌ಶಾಟ್ ಭಾಳ ಇಷ್ಟ ಆತು. ಕರ್ನಲ್ ಕೆಡಿಸಿಕೊಂಡಾಗ ಹಿಂದಿನ ದಿನಕ್ಕೆ ಹೋಗಬಹುದು. ಆದರೆ ವೇಗಕ್ಕೆ ಅಂತ ಹಾಕಬ್ಯಾಡ್ರಿ. ಕಂಪ್ರೆಶನ್ ಮಾಡೋದು ಅದೇ ಸಿಪಿಯು. ಜಿಸಿಸಿಗೂ ಬೇಕಾದ್ದು ಅದೇ ಸಿಪಿಯು. ಒಂದೇ ಗಾಣ, ಎರಡು ಕಡೆ ಎಳೆದಾಟ. ಕಾರ್ಡ್ ನಿಧಾನ, ಸಿಪಿಯು ಖಾಲಿ ಇದ್ದರೆ ಕಂಪ್ರೆಶನ್ ಲಾಭ. ಇಲ್ಲಿ ಉಲ್ಟಾ.

ಇನ್ನೊಂದು. ಸಿಕ್ಯಾಶ್ (ಹಿಂದೆ ಕಂಪೈಲ್ ಮಾಡಿದ್ದನ್ನು ಉಳಿಸಿಡುವ ಸಾಧನ) ಫೋಲ್ಡರ್ ಬಿಟಿಆರ್‌ಎಫ್ಎಸ್ ಮೇಲೆ ಇಟ್ಟರೆ ಚಿಕ್ಕದಾಗುತ್ತೆ ಅಂದುಕೊಂಡಿದ್ದೆ. ಸಿಕ್ಯಾಶ್ 4 ತಾನೇ ಝಡ್‌ಸ್ಟ್ಯಾಂಡರ್ಡ್‌ನಿಂದ ಒತ್ತಿ ಇಡ್ತದ. ಒತ್ತಿದ್ದನ್ನ ಮತ್ತೇನು ಒತ್ತೋದ್ರಿ?

ಬೂಟ್_ಲೂಪ್
ಪೆನ್‌ಡ್ರೈವ್‌ನಲ್ಲಿ ಸೋರ್ಸ್ ಇಡಬಹುದಾ? ಎಕ್ಸ್‌ಫ್ಯಾಟ್ ಇದೆ. ವಿಂಡೋಸ್‌ನಲ್ಲೂ ತೆರೆಯಬಹುದು ಅನ್ನೋ ಆಸೆ.

ಹಳೇ_ಕರ್ನಲ್
ಬೇಡ. ಅದರಲ್ಲಿ ಸಿಮ್‌ಲಿಂಕ್ ಇಲ್ಲ, ಪರ್ಮಿಶನ್ ಇಲ್ಲ. ಜೊತೆಗೆ ಕರ್ನಲ್ ಸೋರ್ಸ್‌ನ ನೆಟ್‌ಫಿಲ್ಟರ್ ಫೋಲ್ಡರ್‌ನಲ್ಲಿ ‘ಎಕ್ಸ್‌ಟಿ_ಡಿಎಸ್‌ಸಿಪಿ’ ಅಂತ ಎರಡು ಸಿ ಫೈಲ್ ಇವೆ. ಒಂದರಲ್ಲಿ ಡಿಎಸ್‌ಸಿಪಿ ದೊಡ್ಡಕ್ಷರ, ಇನ್ನೊಂದರಲ್ಲಿ ಚಿಕ್ಕಕ್ಷರ. ಎಕ್ಸ್‌ಫ್ಯಾಟ್‌ಗೆ ಎರಡೂ ಒಂದೇ ಹೆಸರು. ಬಿಚ್ಚುವಾಗ ಒಂದರ ಮೇಲೆ ಇನ್ನೊಂದು ಕೂರುತ್ತೆ. ಆಮೇಲೆ ಬರುವ ಎರರ್ ನೋಡಿ ನೀವು ಜಾತಕ ತೋರಿಸಬೇಕಾಗುತ್ತೆ.

ಬೂಟ್_ಲೂಪ್
😂 ಹಾಗಾದ್ರೆ ಯುಬಿಐಎಫ್ಎಸ್? ಅದೂ ಎಂಬೆಡೆಡ್‌ಗೇ ಅಂತಾರಲ್ಲ. ನನ್ನ ವೈಫೈ ರೂಟರ್‌ನಲ್ಲಿ ಅದೇ ಇದೆ.

ಫ್ಲ್ಯಾಶ್_ಭಕ್ತ
ಅದು ಬರೀ ನ್ಯಾಂಡ್ ಫ್ಲ್ಯಾಶ್ ಚಿಪ್ ನೇರವಾಗಿ ಬೋರ್ಡ್‌ಗೆ ಬೆಸೆದಿದ್ದಾಗ. ಅಲ್ಲಿ ನಡುವೆ ಕಂಟ್ರೋಲರ್ ಇರಲ್ಲ. ಕೆಟ್ಟ ಬ್ಲಾಕ್ ಪಕ್ಕಕ್ಕಿಡೋದು, ಸವೆತ ಹಂಚೋದು ಎಲ್ಲ ಲಿನಕ್ಸೇ ಮಾಡಬೇಕು. ಎಸ್‌ಡಿ, ಇಎಂಎಂಸಿ ಎರಡರಲ್ಲೂ ಆ ಕೆಲಸಕ್ಕೆ ಒಳಗೇ ಆಳು ಇದ್ದಾನೆ. ಅದರ ಮೇಲೆ ಯುಬಿಐಎಫ್ಎಸ್ ಹಾಕಿ ಪ್ರಯೋಜನ ಇಲ್ಲ. ರೂಟರ್ ಮೇಲೆ ಕಂಪೈಲ್ ಮಾಡೋ ಯೋಚನೆಯಂತೂ ಬಿಟ್ಟುಬಿಡಿ.

ಹಾಂ, ಹಳೇ_ಕರ್ನಲ್ ಹೇಳಿದ ಪರೀಕ್ಷೆ ಮಾಡಿದೆ. ಐಐಒ (ಸೆನ್ಸರ್‌ಗಳ) ಡ್ರೈವರ್ ಫೋಲ್ಡರ್ ಒಂದೇ. ಮೂರು ಕಡೆ: ಎಫ್2ಎಫ್ಎಸ್ ಕಾರ್ಡ್, ಇಎಕ್ಸ್‌ಟಿ4 ಕಾರ್ಡ್, ಟೆಂಪ್‌ಎಫ್ಎಸ್. ಪ್ರತಿಯೊಂದೂ ಮೂರು ಸಲ. ಮೊದಲ ಸಲ ಬಿಟ್ಟರೆ ಮೂರರ ನಡುವೆ ಕೆಲವೇ ಸೆಕೆಂಡ್ ವ್ಯತ್ಯಾಸ. ಅದೂ ಒಂದು ಸಲ ಇದು ಮುಂದೆ, ಇನ್ನೊಂದು ಸಲ ಅದು ಮುಂದೆ. ಸೋತೆ. ಆದರೆ ಟಾರ್ ಬಿಚ್ಚೋದರಲ್ಲಿ ನನ್ನದೇ ಗೆಲುವು, ಅದನ್ನ ಬಿಟ್ಟುಕೊಡಲ್ಲ.

ಪೈ_ಪಂಚಾಯ್ತಿ
ಹೊಸ ಅಡಾಪ್ಟರ್, ಫ್ಯಾನ್ ಎರಡೂ ಹಾಕಿದೆ. ರಿಯಲ್ 98 ನಿಮಿಷ! ಥ್ರಾಟಲ್ಡ್ ಈಗ ಸೊನ್ನೆ. ಕಡಲ_ಕರೆಂಟ್ ಅವರಿಗೆ ಒಂದು ಕಾಫಿ ಬಾಕಿ.

ಆದರೆ ನನಗೆ ನಿಜವಾಗಿ ತಲೆ ಕೆಡಿಸೋದು ಇನ್ನೊಂದಿದೆ, ಮೊದಲೇ ಹೇಳಬೇಕಿತ್ತು. ಬೆಳಿಗ್ಗೆ ಪೈ ಆನ್ ಮಾಡಿ, ನನ್ನ ಡ್ರೈವರ್‌ನಲ್ಲಿ ಒಂದೇ ಸಾಲು ಬದಲಿಸಿ ‘ಮೇಕ್’ ಕೊಟ್ಟರೆ ಸುಮಾರು ಹೊತ್ತು ಏನೂ ಆಗಲ್ಲ. ಆ ಹಸಿರು ದೀಪ ಮಾತ್ರ ಪಟಪಟ ಅಂತ ಮಿನುಗುತ್ತಿರುತ್ತೆ. ಎರಡನೇ ಸಲ ಕೊಟ್ಟರೆ ಬೇಗ ಆಗುತ್ತೆ.

ಹಳೇ_ಕರ್ನಲ್
ಇದೇ ನೋಡಿ, ಇದು ಕಾರ್ಡ್‌ನ ಕೆಲಸ! ಬೂಟ್ ಆದ ಮೇಲೆ ಪೇಜ್ ಕ್ಯಾಶ್ ಖಾಲಿ. ಏನು ಬದಲಾಗಿದೆ ಅಂತ ತಿಳಿಯಲು ಮೇಕ್ ಪ್ರತಿ ಫೈಲಿನ ಸಮಯ ನೋಡಬೇಕು. ಪ್ರತಿ ಆಬ್ಜೆಕ್ಟ್ ಪಕ್ಕದಲ್ಲಿ ಚುಕ್ಕೆಯಿಂದ ಶುರುವಾಗುವ ಒಂದು ಗುಪ್ತ ‘ಸಿಎಂಡಿ’ ಫೈಲ್ ಇರುತ್ತೆ. ಯಾವ ಹೆಡರ್ ಮೇಲೆ ಅವಲಂಬನೆ ಅಂತ ಅದರಲ್ಲಿ ಬರೆದಿರುತ್ತೆ. ಅದನ್ನೂ ಓದಬೇಕು. ಸಾವಿರಾರು ಸಣ್ಣ ಫೈಲ್, ಕಾರ್ಡ್ ತುಂಬ ಚದುರಿದ ಓದು. ಹಸಿರು ದೀಪ ಕುಣಿಯೋದು ಅದಕ್ಕೇ.

ಕಾರ್ಡ್ ಮೇಲೆ ‘ಎ1’ ಅಂತ ಗುರುತು ಇದೆಯಾ ನೋಡಿ. ಎ1 ಅಂದರೆ ಸೆಕೆಂಡಿಗೆ ಕನಿಷ್ಠ 1500 ಚದುರಿದ ಓದು, 500 ಬರಹ. ‘ಕ್ಲಾಸ್ 10’ ಅನ್ನೋದು ಒಂದೇ ಸಮನೆ ಬರೆಯುವ ವೇಗ, ಕ್ಯಾಮೆರಾದವರಿಗೆ. ಎ2ಗೆ ಆಸೆ ಪಟ್ಟು ದುಡ್ಡು ಸುರಿಯಬೇಡಿ. ಅದರ ಪೂರ್ತಿ ವೇಗಕ್ಕೆ ಬೋರ್ಡ್ ಕಡೆಯಿಂದಲೂ ಬೆಂಬಲ ಬೇಕು, ಪೈ 4ರಲ್ಲಿ ಅದಿಲ್ಲ.

ಇನ್ನೂ ಒಳ್ಳೆಯದು, ಪೈ 4ರ ನೀಲಿ ಯುಎಸ್‌ಬಿ 3 ಪೋರ್ಟ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ. ನಾಲ್ಕೂ ಪೋರ್ಟ್ ಸೇರಿ 1.2 ಆಂಪಿಯರ್ ಮಾತ್ರ ಸಿಗೋದು, ಅದು ನೆನಪಿರಲಿ.

ಪೈ_ಪಂಚಾಯ್ತಿ
120 ಜಿಬಿ ಹಳೇ ಎಸ್‌ಎಸ್‌ಡಿ ಇದೆ, ಲ್ಯಾಪ್‌ಟಾಪ್‌ನಿಂದ ತೆಗೆದದ್ದು. ಅದರ ಮೇಲೆ ಯಾವ ಫೈಲ್ ಸಿಸ್ಟಂ? (ಮತ್ತೆ ಅದೇ ಪ್ರಶ್ನೆ, ಕ್ಷಮಿಸಿ.)

ಹಳೇ_ಕರ್ನಲ್
ಇಎಕ್ಸ್‌ಟಿ4, ‘ನೋಎಟೈಮ್’ (ಫೈಲ್ ಓದಿದ ಸಮಯ ಬರೆದಿಡಬೇಡ ಅನ್ನೋ ಆಯ್ಕೆ) ಹಾಕಿ ಮೌಂಟ್ ಮಾಡಿ. ಬರೀ ಬಿಲ್ಡ್ ಔಟ್‌ಪುಟ್‌ಗೆ ಅಂತ ಬೇರೆ ಪಾರ್ಟಿಶನ್ ಮಾಡಿದರೆ ಅದರಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ) ತೆಗೆದೂ ಹಾಕಬಹುದು. ಕೆಟ್ಟರೆ ಮತ್ತೆ ಕಟ್ಟಿದರಾಯಿತು. ಸೋರ್ಸ್ ಇರುವ ಪಾರ್ಟಿಶನ್‌ಗೆ ಮಾತ್ರ ಆ ಆಟ ಬೇಡ. ನಾನು ಒಮ್ಮೆ ಸೋರ್ಸ್‌ಗೂ ಜರ್ನಲ್ ತೆಗೆದು, ಬ್ಯಾರಿಯರ್ (ಬರಹದ ಕ್ರಮ ಕಾಯುವ ವ್ಯವಸ್ಥೆ) ಕೂಡ ಆಫ್ ಮಾಡಿ ಇಟ್ಟಿದ್ದೆ. ಮಳೆಗಾಲ, ಸಂಜೆ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಆ ದಿನ ಬರೆದ ಮೂರು ಫೈಲ್ ಸೊನ್ನೆ ಬೈಟ್. ಗಿಟ್‌ಗೆ ಕಮಿಟ್ ಮಾಡಿರಲಿಲ್ಲ. ಉಳಿಸಿದ ಸೆಕೆಂಡುಗಳಿಗೆ ಪ್ರತಿಯಾಗಿ ಒಂದು ಇಡೀ ದಿನ ಕಟ್ಟಿದೆ.

ಸಣ್ಣ ಪಾರ್ಟಿಶನ್ ಮಾಡಿದರೆ ಐನೋಡ್ (ಪ್ರತಿ ಫೈಲಿಗೂ ಬೇಕಾದ ಒಂದು ದಾಖಲೆ) ಲೆಕ್ಕವನ್ನೂ ನೋಡಿ. ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಇಡುತ್ತೆ, 4 ಜಿಬಿಗೆ ಎರಡೂವರೆ ಲಕ್ಷ ಚಿಲ್ಲರೆ. ಎರಡು ಮೂರು ಕರ್ನಲ್ ಸೋರ್ಸ್ ಇಟ್ಟರೆ ಮುಗಿಯಿತು. ‘ಡಿಎಫ್’ ಜಾಗ ಇದೆ ಅನ್ನುತ್ತೆ, ಮೇಕ್ ಜಾಗ ಇಲ್ಲ ಅನ್ನುತ್ತೆ. ‘ಡಿಎಫ್ -ಐ’ ನೋಡಿದರೆ ಗುಟ್ಟು ಗೊತ್ತಾಗುತ್ತೆ.

ಮಂಡ್ಯ_ಮೇಕ್
ಗುರುಗಳೇ, ನಾನು ಮೊದಲೇ ಬೈಸಿಕೊಂಡವನು, ಆದರೂ ಕೇಳ್ತೀನಿ. ಒಂದು ಸೆನ್ಸರ್ ಡ್ರೈವರ್‌ಗೆ ಇಡೀ ಕರ್ನಲ್ ಯಾಕೆ ಕಟ್ತಿದ್ದೀರಿ?

ನೀವು ಓಡಿಸ್ತಿರೋ ಕರ್ನಲ್‌ಗೆ ಹೊಂದುವ ಹೆಡರ್ ಪ್ಯಾಕೇಜ್ ಹಾಕಿ. ಡ್ರೈವರ್ ಫೈಲನ್ನ ಬೇರೆ ಫೋಲ್ಡರ್‌ಗೆ ಎತ್ತಿಡಿ. ಒಂದು ಸಾಲಿನ ಮೇಕ್‌ಫೈಲ್, ‘ಒಬಿಜೆ-ಎಂ’ಗೆ ನಿಮ್ಮ ಫೈಲ್ ಹೆಸರು. ಆಮೇಲೆ ‘ಮೇಕ್ -ಸಿ’ಗೆ ಲಿಬ್ ಮಾಡ್ಯೂಲ್ಸ್ ಒಳಗಿನ ಬಿಲ್ಡ್ ಫೋಲ್ಡರ್ ಕೊಟ್ಟು, ‘ಎಂ=’ಗೆ ಈಗಿನ ಫೋಲ್ಡರ್ ಕೊಡಿ. ನಿಮ್ಮ ಒಂದು ಫೈಲ್ ಮಾತ್ರ ಕಂಪೈಲ್ ಆಗಿ ‘ಕೆಒ’ (ಕರ್ನಲ್‌ಗೆ ಸೇರಿಸಬಹುದಾದ ಮಾಡ್ಯೂಲ್ ಫೈಲ್) ಬರುತ್ತೆ. ‘ಇನ್ಸ್‌ಮಾಡ್’ ಮಾಡಿ ಸೇರಿಸಿ, ನೋಡಿ, ‘ಆರ್‌ಎಂಮಾಡ್’ ಮಾಡಿ ತೆಗೆಯಿರಿ. ರೀಬೂಟ್ ಕೂಡ ಬೇಡ.

ಇಡೀ ಕರ್ನಲ್ ಕಟ್ಟಲೇಬೇಕಾದ ದಿನ ಮೊದಲು ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಡಿ. ಈಗ ಲೋಡ್ ಆಗಿರುವ ಮಾಡ್ಯೂಲ್ ಬಿಟ್ಟು ಉಳಿದದ್ದನ್ನೆಲ್ಲ ಪಟ್ಟಿಯಿಂದ ತೆಗೆಯುತ್ತೆ. ನಿಮ್ಮ ಪೈಗೆ ಯಾವುದೋ ಟಿವಿ ಟ್ಯೂನರ್ ಡ್ರೈವರ್ ಯಾಕೆ ಹೇಳಿ? ಬೇಕಾದ ಯುಎಸ್‌ಬಿ ಸಾಮಾನೆಲ್ಲ ಆ ಹೊತ್ತಿಗೆ ಚುಚ್ಚಿರಬೇಕು, ಇಲ್ಲಾಂದ್ರೆ ಅದರ ಡ್ರೈವರೂ ಹೋಗುತ್ತೆ.

ಹಳೇ_ಕರ್ನಲ್
ಇದನ್ನ ನಾನು ಮೊದಲ ಪೋಸ್ಟ್‌ನಲ್ಲೇ ಕೇಳಬೇಕಿತ್ತು. ಫೈಲ್ ಸಿಸ್ಟಂ ಅಂದ ಕೂಡಲೇ ಲೆಕ್ಕ ಹಾಕಲು ಕೂತುಬಿಟ್ಟೆ.

ಪೈ_ಪಂಚಾಯ್ತಿ
ಮಾಡಿದೆ. ಎಂಟರ್ ಒತ್ತಿ ಕಾಫಿ ಲೋಟ ಎತ್ತೋ ಮುಂಚೆ ‘ಕೆಒ’ ರೆಡಿ. ಎರಡು ತಿಂಗಳಿಂದ ಊಟ, ನಿದ್ದೆ ಅಂತ ಕಾಯ್ತಿದ್ದೆ, ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಕಾರ್ಡ್ ಇಎಕ್ಸ್‌ಟಿ4 ಹಾಗೇ ಇದೆ, ಮುಟ್ಟಿಲ್ಲ. ಎಸ್‌ಎಸ್‌ಡಿ ಹಾಕಿ ಕರ್ನಲ್ ಸೋರ್ಸ್ ಅಲ್ಲಿಗೆ ಸಾಗಿಸಿದೆ. ಬೆಳಗಿನ ಮೊದಲ ಮೇಕ್ ಈಗ ತಡವರಿಸಲ್ಲ. ಅದರ ಅಗತ್ಯವೇ ಅಷ್ಟಾಗಿ ಉಳಿದಿಲ್ಲ, ಅದು ಬೇರೆ ಮಾತು.

ಫ್ಲ್ಯಾಶ್_ಭಕ್ತ
ಆ 32 ಜಿಬಿ ಕಾರ್ಡ್‌ನಲ್ಲಿ ಇನ್ನು ಬರೀ ಓಎಸ್ ತಾನೇ ಇರೋದು? ಬಿಡುವಿದ್ದಾಗ ಅದನ್ನ ಎಫ್2ಎಫ್ಎಸ್ ಮಾಡಿ ನೋಡಿ. ‘ಆಪ್ಟ್ ಅಪ್‌ಗ್ರೇಡ್’ ಓಡಿಸಿದಾಗ ನನ್ನ ನೆನಪಾಗುತ್ತೆ.

ಪೈ_ಪಂಚಾಯ್ತಿ
ಇನ್ನೊಂದು ಕಾರ್ಡ್ ತಗೊಂಡು ಅದರಲ್ಲಿ ಮಾಡ್ತೀನಿ ಸರ್. ಈ ಕಾರ್ಡ್ ಬೂಟ್ ಆಗ್ತಿದೆ, ಸದ್ಯಕ್ಕೆ ಅದೇ ಸಾಕು.